ಎಪ್ಪತ್ತೆರಡರಲ್ಲೊಂದು ಪಾಲು: ಯುದ್ಧವಿಮಾನದ ಅಳತೆ ಮಾದರಿಯ ಚರಿತ್ರೆ

ಎರಡನೆಯ ಮಹಾಯುದ್ಧದಲ್ಲಿ ಹಾರಿದ ವಿಮಾನಗಳ ಚಿಕ್ಕ ಪ್ರತಿಕೃತಿಗಳನ್ನು ಬಿಡಿಭಾಗಗಳಿಂದ ಜೋಡಿಸಿ, ಅವಕ್ಕೆ ಅಂದಿನ ಬಣ್ಣವನ್ನೂ ಗುರುತುಗಳನ್ನೂ ಹಚ್ಚುವ ಕೆಲಸವು ಇಂದು ಬಿಡುವಿನ ವೇಳೆಯ ಹವ್ಯಾಸವೆಂದೇ ಎಣಿಕೆಯಾಗಿದ್ದರೂ, ಅದರ ಬೆಳವಣಿಗೆಯಲ್ಲಿ ಆಟಿಕೆಯ ಉದ್ಯಮಕ್ಕೆ ಎಷ್ಟು ಪಾಲಿದೆಯೋ ಯುದ್ಧದ ಅಗತ್ಯಕ್ಕೂ ಅಷ್ಟೇ ಪಾಲಿದೆ. ಮೂಲ ವಿಮಾನದ ಉದ್ದ, ಅಗಲ, ಎತ್ತರಗಳೆಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ ಪ್ರತಿಕೃತಿಗೆ ಅಳತೆ ಮಾದರಿ ಎಂದು ಹೆಸರು. ಈ ಕಟ್ಟುಪಾಡಿಗೆ ಒಳಪಡದ್ದು ಎಷ್ಟೇ ಅಂದವಾಗಿದ್ದರೂ ಆಟಿಕೆಯಾಗಿಯೇ ಉಳಿಯುತ್ತದೆ. ಈ ಕ್ಷೇತ್ರದಲ್ಲಿ ಬಹುಕಾಲದಿಂದ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳಲ್ಲಿ ಮುಖ್ಯವಾದುದು 1/72, ಅಂದರೆ ಮೂಲದ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. ಆರಡಿ ಎತ್ತರದ ಪೈಲಟ್ ಒಂದಂಗುಲದ ಬೊಂಬೆಯಾಗುತ್ತಾನೆ, 11.23 ಮೀಟರ್ ರೆಕ್ಕೆಯಗಲದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಸುಮಾರು 156 ಮಿಲಿಮೀಟರಿಗೆ ಇಳಿದು ಒಂದು ಗೇಣಿಗೂ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಒಂದು ಅಡಿಗೆ ಕಾಲು ಅಂಗುಲ ಎಂಬ ಲೆಕ್ಕದಿಂದ ಬಂದ 1/48 ಹೆಚ್ಚು ಜನಪ್ರಿಯವಾಯಿತು. ಎರಡೂ ಅಡಿ-ಅಂಗುಲಗಳ ಲೋಕದಲ್ಲಿ ಹುಟ್ಟಿದ ಪ್ರಮಾಣಗಳಾಗಿದ್ದರೂ, ಮೆಟ್ರಿಕ್ ಪದ್ಧತಿಯ ಜಪಾನ್ ಮತ್ತು ಯುರೋಪಿನ ತಯಾರಕರು ಸಹ ಅವನ್ನೇ ಉಳಿಸಿಕೊಂಡು ಬಂದಿರುವುದು ಈ ಕಸುಬಿನಲ್ಲಿ ರೂಢಿಗಿರುವ ಬಲವನ್ನು ತೋರಿಸುತ್ತದೆ.

1/72 ಪ್ರಮಾಣವನ್ನು ನೆಲೆಗೊಳಿಸಿದ್ದು ಬ್ರಿಟನ್ನಿನ ‘ಸ್ಕೈಬರ್ಡ್ಸ್’ ಮಾದರಿಗಳು. ಜೇಮ್ಸ್ ಹೇ ಸ್ಟೀವನ್ಸ್ ಎಂಬ ವಿಮಾನಾಸಕ್ತ ರೂಪಿಸಿದ, 1932ರ ಸುಮಾರಿಗೆ ಮಾರುಕಟ್ಟೆಗೆ ಬಂದ ಈ ಮಾಲಿಕೆಯಲ್ಲಿ ಒರಟಾಗಿ ಕೆತ್ತಿದ ಮರದ ತುಂಡುಗಳೂ ಲೋಹದ ಸಣ್ಣ ಭಾಗಗಳೂ ಇರುತ್ತಿದ್ದವು. ಕೊಂಡವರು ಅವನ್ನು ಚಾಕು ಮತ್ತು ಉಪ್ಪುಕಾಗದಗಳಿಂದ ತಿದ್ದಿ ತೀಡಿ ಆಕಾರಕ್ಕೆ ತರಬೇಕಿತ್ತು. ಇದಾದ ನಾಲ್ಕು ವರ್ಷಗಳ ಬಳಿಕ, 1936ರಲ್ಲಿ, ಹಾರುವ ಮಾದರಿಗಳಿಗೆ ಹೆಸರಾಗಿದ್ದ ‘ಫ್ರಾಗ್’ ಸಂಸ್ಥೆಯು ಹಾರದ ಮಾದರಿಗಳ ಒಂದು ಮಾಲಿಕೆಯನ್ನು ಹೊರತಂದು, ಅದಕ್ಕೆ ಹಾರಲಾರದ ಹಕ್ಕಿಯಾದ ಪೆಂಗ್ವಿನ್ನಿನ ಹೆಸರನ್ನೇ ಇಟ್ಟಿತು. ಇವು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ತೆಗೆದ ಬಿಡಿಭಾಗಗಳ ಪೆಟ್ಟಿಗೆಗಳಾಗಿದ್ದು, ಪ್ಲಾಸ್ಟಿಕ್ ವಿಮಾನ ಮಾದರಿಗಳ ವಂಶವೃಕ್ಷದ ಬೇರು ಇಲ್ಲಿಯೇ ಇದೆ. ಸೆಲ್ಯುಲೋಸ್ ಅಸಿಟೇಟಿಗೆ ಒಂದು ದೊಡ್ಡ ದೋಷವಿತ್ತು: ಕಾಲ ಕಳೆದಂತೆ ಅದು ಸೊಟ್ಟಗಾಗುತ್ತದೆ, ಕುಗ್ಗುತ್ತದೆ. ಆ ಕಾಲದ ಪೆಂಗ್ವಿನ್ ಮಾದರಿಗಳಲ್ಲಿ ನೆಟ್ಟಗೆ ಉಳಿದವು ವಿರಳವಾಗಿರಲು ಇದೇ ಕಾರಣ.

ಯುದ್ಧ ಆರಂಭವಾದೊಡನೆ ಮಾದರಿಗಳಿಗೆ ಆಟದ ಆಚೆಗಿನ ಒಂದು ಕೆಲಸ ಹುಟ್ಟಿಕೊಂಡಿತು. ಬ್ರಿಟನ್ ಯುದ್ಧ ಘೋಷಿಸಿದ ಮೂರನೆಯ ದಿನ, 1939ರ ಸೆಪ್ಟೆಂಬರ್ 6ರಂದು, ಶತ್ರು ವಿಮಾನಗಳು ಬರುತ್ತಿವೆ ಎಂಬ ತಪ್ಪು ಎಚ್ಚರಿಕೆಯ ಮೇಲೆ ಹಾರಿದ್ದ ಸ್ಪಿಟ್‌ಫೈರ್‌ಗಳು ತಮ್ಮದೇ ಪಡೆಯ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದವು, ಒಬ್ಬ ಯುವ ಪೈಲಟ್ ಪ್ರಾಣ ಕಳೆದುಕೊಂಡ. ‘ಬಾರ್ಕಿಂಗ್ ಕ್ರೀಕ್ ಕದನ’ ಎಂಬ ಹೆಸರಿನಿಂದ ಚರಿತ್ರೆಯಲ್ಲಿ ಉಳಿದಿರುವ ಈ ದುರಂತಕ್ಕೆ ಸಂಪರ್ಕ ವ್ಯವಸ್ಥೆಯ ಗೊಂದಲಗಳು ಎಷ್ಟು ಕಾರಣವೋ, ವಿಮಾನವನ್ನು ಆಕಾರದಿಂದ ಗುರುತಿಸುವ ಅಭ್ಯಾಸ ಇಲ್ಲದಿದ್ದುದೂ ಅಷ್ಟೇ ಕಾರಣವಾಗಿತ್ತು. ಆಕಾಶವನ್ನು ಕಾಯುವ ವೀಕ್ಷಕರಿಗೆ, ವಿಮಾನವಿರೋಧಿ ತೋಪುಗಳ ಸಿಬ್ಬಂದಿಗೆ ಮತ್ತು ಪೈಲಟ್‌ಗಳಿಗೆ ಸ್ನೇಹಿತ ಯಾರು, ಶತ್ರು ಯಾರು ಎಂಬುದನ್ನು ಕ್ಷಣಾರ್ಧದಲ್ಲಿ ಹೇಳುವ ಕಣ್ಣು ಬೇಕಿತ್ತು. ಚಿತ್ರಪಟಗಳು ಒಂದೇ ಕೋನವನ್ನು ತೋರಿಸಿದರೆ, ಕೈಯಲ್ಲಿ ತಿರುಗಿಸಬಹುದಾದ ಮಾದರಿಯು ಎಲ್ಲ ಕೋನಗಳನ್ನೂ ತೋರಿಸಬಲ್ಲದಾಗಿತ್ತು. ಬ್ರಿಟನ್ನಿನಲ್ಲಿ 1941ರ ಆರಂಭದಿಂದ ‘ದಿ ಏರೋಪ್ಲೇನ್ ಸ್ಪಾಟರ್’ ಎಂಬ ಪತ್ರಿಕೆಯೇ ಈ ವಿದ್ಯೆಗೆ ಮೀಸಲಾಗಿ ಪ್ರಕಟವಾಗತೊಡಗಿತು.

ಅಮೆರಿಕವು ಇದನ್ನು ತನ್ನ ಎಂದಿನ ಬೃಹತ್ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. 1942ರಲ್ಲಿ ಅಲ್ಲಿನ ನೌಕಾಪಡೆಯು ಶಿಕ್ಷಣ ಇಲಾಖೆಯ ಮೂಲಕ ದೇಶದ ಶಾಲಾ ವಿದ್ಯಾರ್ಥಿಗಳಿಗೆ 5,00,000 ಮಾದರಿಗಳನ್ನು ಮಾಡಿಕೊಡುವಂತೆ ಕರೆಕೊಟ್ಟಿತು: ಮಿತ್ರಪಕ್ಷ ಮತ್ತು ಶತ್ರುಪಕ್ಷಗಳ ಐವತ್ತು ಬಗೆಯ ವಿಮಾನಗಳು, ಒಂದೊಂದರ 10,000 ಪ್ರತಿಗಳು, ಎಲ್ಲವೂ 1/72 ಪ್ರಮಾಣದಲ್ಲಿ, ಎಲ್ಲವೂ ಮರದಲ್ಲಿ, ಎಲ್ಲಕ್ಕೂ ಕಪ್ಪು ಬಣ್ಣ. ಆಕಾಶದ ಬೆಳಕಿನೆದುರು ಹಾರುವ ವಿಮಾನವು ಕಣ್ಣಿಗೆ ಕಾಣುವುದು ಕಪ್ಪು ಛಾಯೆಯಾಗಿಯೇ ಎಂಬ ಕಾರಣದಿಂದ ಬಣ್ಣದ ವಿವರಗಳನ್ನು ಉದ್ದೇಶಪೂರ್ವಕವಾಗಿ ಕೈಬಿಡಲಾಗಿತ್ತು. ಪ್ರಮಾಣದ ಆಯ್ಕೆಯಲ್ಲಿಯೂ ಲೆಕ್ಕವಿತ್ತು: 35 ಅಡಿ ದೂರದಲ್ಲಿ ಹಿಡಿದ 1/72 ಮಾದರಿಯು ಸುಮಾರು ಅರ್ಧ ಮೈಲಿ ದೂರದಲ್ಲಿರುವ ನಿಜವಾದ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ಮರಗೆಲಸದ ತರಗತಿಗಳಲ್ಲಿ ಹುಡುಗ ಹುಡುಗಿಯರು ಕೆತ್ತಿದ ಮಾದರಿಗಳನ್ನು ನಿಗದಿಯಾದ ಅಳತೆಯ ಅಡ್ಡಛೇದದ ಫಲಕಗಳಿಂದ ಪರೀಕ್ಷಿಸಿ, ಒಪ್ಪಿಗೆಯಾದವನ್ನು ಮಾತ್ರ ಸೇನೆಗೆ ಕಳಿಸಲಾಗುತ್ತಿತ್ತು. ಮುಂದೆ ಶಿಕಾಗೋದ ಕ್ರೂವರ್ ಕಂಪನಿಯು ಇದೇ ಕೆಲಸಕ್ಕೆ ಸೆಲ್ಯುಲೋಸ್ ಅಸಿಟೇಟಿನ ಮಾದರಿಗಳನ್ನು ಅಚ್ಚು ಹಾಕತೊಡಗಿದಾಗ, ಮಕ್ಕಳ ಕೈಕೆಲಸದ ಜಾಗವನ್ನು ಕಾರ್ಖಾನೆ ತುಂಬಿತು. ಯುದ್ಧ ಮುಗಿದ ನಂತರ ಮಾದರಿಗಳ ಮಾರುಕಟ್ಟೆ ಇದ್ದಕ್ಕಿದ್ದಂತೆ ತೆರೆದುಕೊಂಡಿತೆಂದರೆ, ಆಕಾರವನ್ನು ಹತ್ತು ಅಡಿ ದೂರದಿಂದಲೇ ಗುರುತಿಸಬಲ್ಲ, ತಪ್ಪಿದ್ದರೆ ಒಪ್ಪದ ಒಂದು ಪೀಳಿಗೆಯನ್ನೇ ಯುದ್ಧವು ಸಿದ್ಧಪಡಿಸಿ ಇಟ್ಟಿದ್ದುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಎಂದು ಹೇಳುವುದು ತಪ್ಪಾಗದು.

ಆ ಮಾರುಕಟ್ಟೆಯನ್ನು ತುಂಬಿದ ವಸ್ತು ಪಾಲಿಸ್ಟೈರೀನ್. ಈ ಪ್ಲಾಸ್ಟಿಕ್ಕಿನ ಹರಳುಗಳನ್ನು ಕಾಯಿಸಿ ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಹೆಚ್ಚು ಒತ್ತಡದಿಂದ ತುಂಬಿ, ತಣಿದ ಮೇಲೆ ಅಚ್ಚನ್ನು ಬಿಡಿಸಿದರೆ, ಪ್ಲಾಸ್ಟಿಕ್ ಹರಿದು ಬಂದ ಕಾಲುವೆಗಳೇ ಗಟ್ಟಿಯಾಗಿ ಒಂದು ಚೌಕಟ್ಟಾಗಿರುತ್ತವೆ, ಬಿಡಿಭಾಗಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಪಾಲಿಸ್ಟೈರೀನಿಗೆ ಎರಡು ದೊಡ್ಡ ಅನುಕೂಲಗಳಿವೆ: ಅದು ಅಸಿಟೇಟಿನಂತೆ ಸೊಟ್ಟಗಾಗುವುದಿಲ್ಲ, ಮತ್ತು ಅದಕ್ಕೆ ಬಳಸುವ ಅಂಟು ನಿಜವಾದ ಅರ್ಥದಲ್ಲಿ ಅಂಟಲ್ಲ, ದ್ರಾವಕ, ಅದು ಎರಡೂ ಬದಿಯ ಮೇಲ್ಮೈಯನ್ನು ತುಸು ಕರಗಿಸಿ ಒಂದಾಗಿಸುವುದರಿಂದ ಒಣಗಿದ ಜೋಡಣೆಯು ಬೆಸುಗೆಯಷ್ಟೇ ಗಟ್ಟಿಯಾಗಿರುತ್ತದೆ. ಹಂಗೆರಿ ಮೂಲದ ನಿಕೋಲಸ್ ಕೋವ್ 1939ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪಿಸಿದ ಏರ್‌ಫಿಕ್ಸ್ ಸಂಸ್ಥೆಯು ಮೊದಲು ಗಾಳಿ ತುಂಬಿದ ರಬ್ಬರ್ ಆಟಿಕೆಗಳನ್ನು, ಯುದ್ಧಾನಂತರ ಪ್ಲಾಸ್ಟಿಕ್ ಬಾಚಣಿಗೆಗಳನ್ನು ತಯಾರಿಸುತ್ತಿತ್ತು. 1949ರಲ್ಲಿ ಫರ್ಗ್ಯೂಸನ್ ಟ್ರಾಕ್ಟರಿನ ಮಾರಾಟ ಪ್ರತಿನಿಧಿಗಳಿಗಾಗಿ ಮಾಡಿದ ಮಾದರಿಯಿಂದ ಅದರ ದಿಕ್ಕು ಬದಲಾಯಿತು. 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಬಿಡಿಭಾಗಗಳನ್ನು ಪೆಟ್ಟಿಗೆಯ ಬದಲು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ವೂಲ್‌ವರ್ತ್ ಅಂಗಡಿಗಳಲ್ಲಿ ಎರಡು ಷಿಲಿಂಗಿಗೆ ಮಾರಿದ ಮೇಲೆ ಅದರ ಭವಿಷ್ಯ ನಿರ್ಧಾರವಾಯಿತು. ಮರುವರ್ಷ, 1953ರಲ್ಲಿ, ಏರ್‌ಫಿಕ್ಸಿನ ಮೊದಲ ವಿಮಾನವಾಗಿ 1/72ರ ಸ್ಪಿಟ್‌ಫೈರ್ ಬಂತು. ಅಮೆರಿಕದ ಅರೋರಾ ಸಂಸ್ಥೆಯ ಮಾದರಿಯನ್ನು ಅನುಸರಿಸಿ ಮಾಡಿದ ಆ ಸ್ಪಿಟ್‌ಫೈರಿನ ಆಕಾರದಲ್ಲಿ ದೋಷಗಳು ಬಹಳವಿದ್ದವು. ಸಂಸ್ಥೆಯು ಎರಡು ಮೂರು ವರ್ಷಗಳೊಳಗೆ ಅದರ ಬದಲಿಗೆ ಉತ್ತಮವಾದ ಇನ್ನೊಂದನ್ನು ತರಬೇಕಾಯಿತು. ಆದರೂ ಜೇಬಿನ ಕಾಸಿಗೆ ಎಟಕುವ ಬೆಲೆಯಲ್ಲಿ ಒಂದು ಯುದ್ಧವಿಮಾನವನ್ನು ಮಕ್ಕಳ ಕೈಗೆ ಕೊಟ್ಟ ಶ್ರೇಯಸ್ಸು ಆ ದೋಷಪೂರ್ಣ ಮಾದರಿಗೇ ಸಲ್ಲಬೇಕು. ಸೈಕಲ್ ಎಣ್ಣೆಯ ವ್ಯಾಪಾರದಿಂದ ಆರಂಭಿಸಿದ್ದ, ಹಲ್ ನಗರದ ಹಂಬ್ರಾಲ್ ಸಂಸ್ಥೆಯು ಸಣ್ಣ ಡಬ್ಬಿಗಳಲ್ಲಿ ಎನಾಮೆಲ್ ಬಣ್ಣವನ್ನು ಮಾರತೊಡಗಿದಾಗ ಬಣ್ಣದ ಕೊರತೆಯೂ ನೀಗಿತು.

ಪ್ಲಾಸ್ಟಿಕ್ ಮಾದರಿಯ ಗುಣಮಟ್ಟದ ಇತಿಹಾಸವನ್ನು ಅದರ ಮೇಲ್ಮೈಯ ಗೆರೆ ಮತ್ತು ಚುಕ್ಕೆಗಳಲ್ಲಿ ಓದಬಹುದು. 1950 ಮತ್ತು 60ರ ದಶಕಗಳ ಮಾದರಿಗಳಲ್ಲಿ ತಗಡುಗಳನ್ನು ಜೋಡಿಸುವ ರಿವೆಟ್‌ಗಳು ಸಾಲುಸಾಲು ಗುಬುಟುಗಳಾಗಿ ಎದ್ದು ಕಾಣುತ್ತಿದ್ದವು. ಅಚ್ಚಿನ ಉಕ್ಕಿನಲ್ಲಿ ಗುಳಿ ಕೊರೆಯುವುದು ಸುಲಭ, ಗೆರೆಯನ್ನು ಉಳಿಸಿ ಸುತ್ತಲಿನದೆಲ್ಲವನ್ನೂ ಕೆರೆಯುವುದು ಕಷ್ಟ ಎಂಬುದೇ ಇದಕ್ಕೆ ಕಾರಣ. ಆದರೆ ಸ್ಪಿಟ್‌ಫೈರಿನ ವಿಷಯದಲ್ಲಿ ಈ ಗುಬುಟುಗಳು ವಿಮಾನದ ಮೂಲ ತತ್ವಕ್ಕೇ ವಿರುದ್ಧವಾದವು. 1936ರ ಮಾರ್ಚ್ 5ರಂದು ಮೊದಲು ಹಾರಿದ ಆ ವಿಮಾನದ ಮೂಲಪ್ರತಿಯಲ್ಲಿ ರಿವೆಟ್‌ಗಳ ತಲೆಯನ್ನು ತಗಡಿನ ಮಟ್ಟಕ್ಕೆ ಸಮನಾಗಿ ಕೂರಿಸಲಾಗಿತ್ತು. ಇದು ದುಬಾರಿಯ ಕೆಲಸವಾದ್ದರಿಂದ, ಅಗ್ಗದ ಗುಂಡುತಲೆಯ ರಿವೆಟ್‌ಗಳನ್ನು ಎಲ್ಲೆಲ್ಲಿ ಬಳಸಬಹುದೆಂದು ತಿಳಿಯಲು ಸೂಪರ್‌ಮರೀನ್ ಸಂಸ್ಥೆಯ ಎಂಜಿನಿಯರುಗಳು ಒಂದೊಂದು ರಿವೆಟಿನ ಮೇಲೂ ಬಟಾಣಿಯ ಬೇಳೆಯೊಂದನ್ನು ಅಂಟಿಸಿ ವಿಮಾನವನ್ನು ಹಾರಿಸಿ ನೋಡಿದರು. ವೇಗ ಗಂಟೆಗೆ 22 ಮೈಲಿಯಷ್ಟು ಇಳಿಯಿತು. ಬಳಿಕ ಒಂದೊಂದೇ ಭಾಗದ ಬೇಳೆಗಳನ್ನು ಕೆರೆದು ತೆಗೆಯುತ್ತ ಮತ್ತೆ ಮತ್ತೆ ಹಾರಿಸಿ, ರೆಕ್ಕೆಯಲ್ಲಿ ಸಮತಲದ ರಿವೆಟ್ ಅನಿವಾರ್ಯವೆಂದೂ, ಒಡಲಿನ ಹಿಂಭಾಗದಲ್ಲಿ ಗುಂಡುತಲೆಯದನ್ನು ಸಹಿಸಿಕೊಳ್ಳಬಹುದೆಂದೂ ಕಂಡುಕೊಂಡರು. ಅಂಥ ಬೇಳೆಯೊಂದನ್ನು 1/72ಕ್ಕೆ ಇಳಿಸಿದರೆ ಅದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಹೀಗಿರುವಾಗ ಮಾದರಿಯ ರೆಕ್ಕೆಯ ಮೇಲೆ ಬೆರಳಿಗೆ ತಗಲುವ ಗುಬುಟುಗಳು ಬರಿಯ ಅತಿರೇಕವಲ್ಲ, ಸ್ಪಿಟ್‌ಫೈರ್ ವೇಗವಾಗಿ ಹಾರಲು ಕಾರಣವಾದ ಅಂಶವನ್ನೇ ಅಳಿಸಿಹಾಕುವ ಅಪಚಾರ. ಅನುಭವಿಗಳು ಹಳೆಯ ಮಾದರಿಯ ಗುಬುಟುಗಳನ್ನು ಉಪ್ಪುಕಾಗದದಿಂದ ಉಜ್ಜಿ, ತಗಡಿನ ಸಂದುಗಳನ್ನು ಸೂಜಿಮೊನೆಯಿಂದ ಹೊಸದಾಗಿ ಗೀರುವ ಶ್ರಮಕ್ಕೆ ಇಳಿದದ್ದು ಈ ಅರಿವಿನಿಂದಲೇ. ಮುಂದೆ ತಯಾರಕರೇ ಕೊರೆದ ಗೆರೆಗಳ ಅಚ್ಚುಗಳಿಗೆ ಬದಲಾದರು. ಚೆಕ್ ದೇಶದಲ್ಲಿ 1989ರಲ್ಲಿ ಆರಂಭವಾದ ಎಡುವಾರ್ಡ್ ಮುಂತಾದ ಸಂಸ್ಥೆಗಳು ಆಮ್ಲದಿಂದ ಕೊರೆದ ತೆಳು ಲೋಹದ ಹಾಳೆಗಳಲ್ಲಿ ಪೈಲಟ್‌ನ ಸೊಂಟಪಟ್ಟಿ, ಉಪಕರಣ ಫಲಕಗಳನ್ನು ಸಹ ಒದಗಿಸತೊಡಗಿದವು.

ಹರಿಕೇನ್ ಬೇರೆಯೇ ಪರೀಕ್ಷೆಯನ್ನು ಒಡ್ಡುತ್ತದೆ. ಅದರ ಒಡಲಿನ ಹಿಂಭಾಗವು ಲೋಹದ ಕೊಳವೆಗಳ ಹಂದರದ ಮೇಲೆ ಮರದ ಪಟ್ಟಿಗಳನ್ನಿಟ್ಟು, ಅವುಗಳ ಮೇಲೆ ಬಟ್ಟೆಯನ್ನು ಬಿಗಿದು ಮಾಡಿದ್ದಾಗಿತ್ತು. ಆದ್ದರಿಂದ ಅಲ್ಲಿ ತಗಡಿನ ಸಂದುಗಳ ಬದಲು ಪಟ್ಟಿಯಿಂದ ಪಟ್ಟಿಗೆ ಸ್ವಲ್ಪವೇ ಇಳಿಯುವ ಬಟ್ಟೆಯ ಮೃದುವಾದ ತಗ್ಗು ಕಾಣಬೇಕು. ಇದನ್ನು ಅತಿಯಾಗಿ ತೋರಿಸಿದ ಮಾದರಿಗಳು ಹಸಿದ ದನದ ಪಕ್ಕೆಲುಬಿನಂತೆ ಕಾಣುತ್ತವೆ. ನಿಜವಾದ ವಿಮಾನದ ಬಟ್ಟೆಗೆ ಬಿಗಿಗೊಳಿಸುವ ದ್ರಾವಣವನ್ನು ಪದರ ಪದರವಾಗಿ ಹಚ್ಚುತ್ತಿದ್ದುದರಿಂದ ಅದು ಡೋಲಿನ ಚರ್ಮದಷ್ಟು ಬಿಗಿಯಾಗಿರುತ್ತಿತ್ತು.

ಜೋಡಣೆಯ ಕ್ರಮದಲ್ಲಿ ಹೇಳಿಕೊಳ್ಳುವಂಥ ಗುಟ್ಟುಗಳಿಲ್ಲ. ಪೈಲಟ್ ಕೂರುವ ಕೋಣೆಗೆ ಮೊದಲೇ ಬಣ್ಣ ಹಚ್ಚಿ, ಅದನ್ನು ಒಳಗಿಟ್ಟು ಒಡಲಿನ ಎರಡು ಹೋಳುಗಳನ್ನು ಮುಚ್ಚಿ, ರೆಕ್ಕೆಗಳನ್ನು ಎರಡೂ ಕಡೆ ಸಮನಾದ ಕೋನದಲ್ಲಿ ಮೇಲಕ್ಕೆ ಬಾಗಿರುವಂತೆ ಕೂರಿಸಿ, ಸಂದುಗಳಿಗೆ ಲಪ್ಪ ತುಂಬಿ ಉಜ್ಜಿದರೆ ಮೈಕಟ್ಟು ಸಿದ್ಧವಾಗುತ್ತದೆ. ಕಷ್ಟವಾದದ್ದೂ ವಿದ್ವತ್ತನ್ನು ಬೇಡುವುದೂ ಬಣ್ಣ. ಆಕಾರವು ಒಂದು ಬಗೆಯ ವಿಮಾನಕ್ಕೆಲ್ಲ ಒಂದೇ; ಬಣ್ಣವಾದರೋ ಒಂದು ನಿರ್ದಿಷ್ಟ ವಿಮಾನ, ಒಂದು ನಿರ್ದಿಷ್ಟ ತಿಂಗಳಿನಲ್ಲಿ, ಒಂದು ನಿರ್ದಿಷ್ಟ ನೆಲೆಯಲ್ಲಿ ಹೇಗಿತ್ತು ಎಂಬುದಕ್ಕೆ ಸಾಕ್ಷಿ. ಹೀಗಾಗಿ ಮಾದರಿಗೆ ಬಣ್ಣ ಹಚ್ಚುವವನು ಕುಂಚವನ್ನು ಅದ್ದುವ ಮುನ್ನ ಒಂದು ದಿನಾಂಕವನ್ನು ಆರಿಸಿಕೊಳ್ಳಲೇಬೇಕಾಗುತ್ತದೆ, ಮತ್ತು ಆ ದಿನಾಂಕವನ್ನು ಆರಿಸಿಕೊಂಡ ಕ್ಷಣದಿಂದ ಅವನ ಕೆಲಸ ಇತಿಹಾಸಕಾರನ ಕೆಲಸವಾಗುತ್ತದೆ.

ಬ್ರಿಟಿಷ್ ವಾಯುಪಡೆಯ ಫೈಟರ್ ವಿಮಾನಗಳ ಬಣ್ಣಗಾರಿಕೆಯೇ ಇದಕ್ಕೆ ಒಳ್ಳೆಯ ನಿದರ್ಶನ. ಯುದ್ಧದ ಆರಂಭದಲ್ಲಿ ಅವುಗಳ ಮೇಲ್ಭಾಗಕ್ಕೆ ‘ಡಾರ್ಕ್ ಅರ್ಥ್’ ಎಂಬ ಮಣ್ಣಿನ ಕಂದು ಮತ್ತು ‘ಡಾರ್ಕ್ ಗ್ರೀನ್’ ಎಂಬ ಗಾಢ ಹಸಿರನ್ನು ಅಲೆಯಲೆಯ ಪಟ್ಟೆಗಳಾಗಿ ಬಳಿಯಲಾಗುತ್ತಿತ್ತು. ಮೇಲಿನಿಂದ ನೋಡುವ ಶತ್ರುವಿಗೆ ಇಂಗ್ಲೆಂಡಿನ ಹೊಲ ಮತ್ತು ಪೊದೆಗಳ ನಡುವೆ ವಿಮಾನ ಕರಗಿಹೋಗಬೇಕೆಂಬುದು ಇದರ ಉದ್ದೇಶ. ಇಂಥ ಮರೆಮಾಚುವ ಬಣ್ಣಗಾರಿಕೆಗೆ ಕ್ಯಾಮೊಫ್ಲಾಜ್ ಎಂದು ಹೆಸರು. ಅಡಿಭಾಗದಲ್ಲಿ ಉದ್ದೇಶ ತದ್ವಿರುದ್ಧವಾಗಿತ್ತು: ನೆಲದ ವೀಕ್ಷಕರು ತಮ್ಮ ವಿಮಾನವನ್ನು ಗುರುತಿಸಲೆಂದು ಒಂದು ರೆಕ್ಕೆಯ ಅಡಿಗೆ ಕಪ್ಪು, ಇನ್ನೊಂದಕ್ಕೆ ಬಿಳಿ ಬಳಿಯುತ್ತಿದ್ದರು. 1940ರ ಜೂನ್‌ನಲ್ಲಿ ಈ ಕಪ್ಪು-ಬಿಳಿ ಹೋಗಿ, ‘ಸ್ಕೈ’ ಎಂಬ ಹಸಿರು ಬೆರೆತ ನಸು ಬಣ್ಣ ಬಂತು. ಹೊಸ ಬಣ್ಣದ ಸರಬರಾಜು ಎಲ್ಲ ನೆಲೆಗಳಿಗೆ ಒಮ್ಮೆಗೇ ತಲುಪದೆ, ಕೆಲವೆಡೆ ಇದ್ದ ಬಣ್ಣಗಳನ್ನೇ ಬೆರೆಸಿ ಹಚ್ಚಿದ್ದರಿಂದ, 1940ರ ಬೇಸಿಗೆಯ ವಿಮಾನಗಳ ಅಡಿಭಾಗದ ಛಾಯೆಯ ಕುರಿತು ಮಾದರಿಕಾರರಲ್ಲಿ ಇಂದಿಗೂ ವಾಗ್ವಾದ ಮುಗಿದಿಲ್ಲ. ಅದೇ ವರ್ಷದ ನವೆಂಬರಿನಿಂದ ಎಡ ರೆಕ್ಕೆಯ ಅಡಿಭಾಗ ಮತ್ತೆ ಕಪ್ಪಾಯಿತು, ಬಾಲದ ಮುಂದೆ 18 ಅಂಗುಲ ಅಗಲದ ಸ್ಕೈ ಬಣ್ಣದ ಪಟ್ಟಿಯೊಂದು ಸೇರಿತು. 1/72ರಲ್ಲಿ ಇದು ಸರಿಯಾಗಿ ಕಾಲು ಅಂಗುಲ. 1941ರ ವಸಂತದಲ್ಲಿ ಆ ಕಪ್ಪು ರೆಕ್ಕೆ ಮತ್ತೆ ಹೋಯಿತು, ಪಟ್ಟಿ ಉಳಿಯಿತು. 1941ರ ಆಗಸ್ಟ್‌ನಲ್ಲಿ ಇನ್ನೂ ದೊಡ್ಡ ಬದಲಾವಣೆ ಬಂತು: ಕದನವು ಇಂಗ್ಲೆಂಡಿನ ನೆಲದಿಂದ ಕಡಲ್ಗಾಲುವೆಯ ಮೇಲಕ್ಕೂ ಫ್ರಾನ್ಸಿನ ಮೇಲಕ್ಕೂ ಸರಿದಿದ್ದರಿಂದ, ಮೇಲ್ಭಾಗದ ಕಂದಿನ ಜಾಗಕ್ಕೆ ‘ಓಷನ್ ಗ್ರೇ’ ಎಂಬ ಕಡುಬೂದು, ಅಡಿಭಾಗಕ್ಕೆ ‘ಮೀಡಿಯಂ ಸೀ ಗ್ರೇ’ ಎಂಬ ತಿಳಿಬೂದು ಬಂದವು. ಹೊಸ ಕಡುಬೂದು ಸಿಗುವವರೆಗೆ ಏಳು ಪಾಲು ತಿಳಿಬೂದಿಗೆ ಒಂದು ಪಾಲು ಕಪ್ಪನ್ನು ಬೆರೆಸಿಕೊಳ್ಳಲು ನೆಲೆಗಳಿಗೆ ಅಪ್ಪಣೆಯಾಗಿತ್ತು. ರೆಕ್ಕೆಯ ಮುಂದಿನ ಅಂಚಿನ ಹೊರಭಾಗದಲ್ಲಿ ಹಳದಿ ಪಟ್ಟಿಯೂ, ಪಡೆಯನ್ನು ಸೂಚಿಸುವ ಅಕ್ಷರಗಳಿಗೆ ಬೂದಿನ ಬದಲು ಸ್ಕೈ ಬಣ್ಣವೂ ಆಗಲೇ ಬಂದವು.

ಮೈಸೂರಿನ ಹೆಸರು ಹೊತ್ತ ಪಡೆಯೊಂದು ಹುಟ್ಟಿದ್ದು ಈ ಎರಡು ಬಣ್ಣಗಳ ಸಂಧಿಕಾಲದಲ್ಲಿ. ಬ್ರಿಟನ್ನಿನ ಯುದ್ಧಪ್ರಯತ್ನಕ್ಕೆ ಸಾಮ್ರಾಜ್ಯದ ಎಲ್ಲೆಡೆಯಿಂದ ದೇಣಿಗೆ ಸಂಗ್ರಹವಾಗುತ್ತಿದ್ದ ಆ ವರ್ಷಗಳಲ್ಲಿ ಒಂದು ಸ್ಪಿಟ್‌ಫೈರಿಗೆ 5,000 ಪೌಂಡ್ ಎಂಬ ಸಾಂಕೇತಿಕ ಬೆಲೆ ಕಟ್ಟಲಾಗಿತ್ತು, ಮತ್ತು ದೊಡ್ಡ ದೇಣಿಗೆ ಕೊಟ್ಟ ಪ್ರದೇಶಗಳ ಹೆಸರನ್ನು ಇಡೀ ಪಡೆಗಳಿಗೇ ಇಡಲಾಗುತ್ತಿತ್ತು. ಹೀಗೆ 1941ರ ಜೂನ್‌ನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್ ನೆಲೆಯಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ರಚನೆಯಾದ 129ನೆಯ ಸ್ಕ್ವಾಡ್ರನ್ ‘ಮೈಸೂರು’ ಸ್ಕ್ವಾಡ್ರನ್ ಎನಿಸಿಕೊಂಡು, ತನ್ನ ಲಾಂಛನದಲ್ಲಿ ಮೈಸೂರು ಅರಸರ ಗಂಡಭೇರುಂಡವನ್ನು ಧರಿಸಿತು. ಎರಡು ತಲೆಯ ಆ ಪೌರಾಣಿಕ ಹಕ್ಕಿಯು ಕೆಳದಿ, ವಿಜಯನಗರ, ಮೈಸೂರುಗಳ ಶಿಲ್ಪ ಮತ್ತು ನಾಣ್ಯಗಳಿಂದ ಇಂಗ್ಲೆಂಡಿನ ವಾಯುಪಡೆಯ ದಾಖಲೆಗೆ ಸೇರಿದ ಈ ಸಂಗತಿ ಕನ್ನಡನಾಡಿನಲ್ಲಿಯೇ ಹೆಚ್ಚಿನವರಿಗೆ ತಿಳಿದಿಲ್ಲದಿರುವುದು ವಿಷಾದದ ವಿಷಯ.

ಈ ಪಡೆಯ ಸ್ಪಿಟ್‌ಫೈರೊಂದನ್ನು ಮಾಡಹೊರಟ ಮಾದರಿಕಾರನಿಗೆ ದಿನಾಂಕದ ಪ್ರಶ್ನೆ ಎಷ್ಟು ಕಟುವಾಗಿ ಎದುರಾಗುತ್ತದೆಂದರೆ, ಜೂನ್ 1941ರ ವಿಮಾನವಾದರೆ ಅದು ಕಂದು ಮತ್ತು ಹಸಿರು, ಅಡಿಯಲ್ಲಿ ಸ್ಕೈ; ಅದೇ ಪಡೆಯ ಅಕ್ಟೋಬರ್ ತಿಂಗಳ ವಿಮಾನವಾದರೆ ಕಡುಬೂದು ಮತ್ತು ಹಸಿರು, ಅಡಿಯಲ್ಲಿ ತಿಳಿಬೂದು. ಮರುವರ್ಷದ ಬೇಸಿಗೆಯ ವಿಮಾನವಾದರೆ ‘ರೌಂಡೆಲ್’ ಎಂಬ ರಾಷ್ಟ್ರೀಯ ವೃತ್ತಚಿಹ್ನೆಯೂ ಬದಲಾಗುತ್ತದೆ. ಒಡಲಿನ ಮೇಲಿನ ಕೆಂಪು, ಬಿಳಿ, ನೀಲಿ, ಹಳದಿ ವರ್ತುಲಗಳಲ್ಲಿ ಬಿಳಿ ಮತ್ತು ಹಳದಿಯ ಅಗಲವನ್ನು 1942ರ ಮಧ್ಯದಲ್ಲಿ ಕಡಿಮೆ ಮಾಡಲಾಯಿತು, ದೂರದಿಂದ ಎದ್ದು ಕಾಣದಿರಲೆಂದು. 1944ರ ಏಪ್ರಿಲ್‌ನಲ್ಲಿ ಈ ಪಡೆಗೆ ಅಮೆರಿಕದ ಮಸ್ಟಾಂಗ್ ವಿಮಾನಗಳು ಬಂದವು. ಸಸೆಕ್ಸಿನ ಕೂಲಂ ನೆಲೆಯಿಂದ ಅವು ಜೂನ್‌ನಲ್ಲಿ ನಾರ್ಮಂಡಿಯ ಮೇಲೆ ಹಾರುವಾಗ ಒಡಲು ಮತ್ತು ರೆಕ್ಕೆಗಳಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳಿದ್ದವು. ಮಿತ್ರಪಕ್ಷದ ತೋಪುಗಳು ತಮ್ಮವರನ್ನೇ ಹೊಡೆಯದಿರಲೆಂದು, ಗುಟ್ಟು ಬಯಲಾಗದಂತೆ ನಾರ್ಮಂಡಿ ಆಕ್ರಮಣಕ್ಕೆ ಒಂದೆರಡು ದಿನ ಇರುವಾಗ ಮಾತ್ರ ಅಪ್ಪಣೆ ಕೊಟ್ಟು, ಅವಸರದಲ್ಲಿ ದೊಡ್ಡ ಕುಂಚಗಳಿಂದ ಬಳಿಸಿದ ಆ ಪಟ್ಟೆಗಳ ಅಂಚು ಅನೇಕ ವಿಮಾನಗಳಲ್ಲಿ ಡೊಂಕಾಗಿತ್ತು. ಮಾದರಿಯ ಮೇಲೆ ಅವನ್ನು ಅಳತೆಪಟ್ಟಿ ಹಿಡಿದು ನೇರವಾಗಿ ಎಳೆಯುವವನು ಅಚ್ಚುಕಟ್ಟನ್ನು ಸಾಧಿಸಿ ಸತ್ಯವನ್ನು ಕಳೆದುಕೊಳ್ಳುತ್ತಾನೆ. ಲಾಂಛನದ ಗಂಡಭೇರುಂಡವನ್ನು ವಿಮಾನದ ಮೈಮೇಲೆ ಬರೆಯುವ ಆಸೆ ಯಾವ ಕನ್ನಡಿಗನಿಗೂ ಸಹಜವೇ. ಆದರೆ ಲಾಂಛನವು ಅಧಿಕೃತವಾಗಿ ಇತ್ತು ಎಂಬುದು ಒಂದು ಸಂಗತಿ, ಅದು ಇಂಥ ವಿಮಾನದ ಮೇಲೆ ಇತ್ತು ಎಂಬುದು ಇನ್ನೊಂದು. ಆ ವಿಮಾನದ ಛಾಯಾಚಿತ್ರ ಕೈಯಲ್ಲಿಲ್ಲದೆ ಎರಡನೆಯದನ್ನು ಹೇಳಲಾಗದು.

ಛಾಯಾಚಿತ್ರವನ್ನು ಓದುವುದೂ ಒಂದು ವಿದ್ಯೆ. ಆ ಕಾಲದ ಬಹುಪಾಲು ಚಿತ್ರಗಳು ಕಪ್ಪು-ಬಿಳುಪಿನವು. ಅವುಗಳಲ್ಲಿ ಕೆಲವನ್ನು ತೆಗೆದ ಫಿಲ್ಮ್ ಎಲ್ಲ ಬಣ್ಣಗಳಿಗೂ ಸ್ಪಂದಿಸಿದರೆ, ಆರ್ಥೋಕ್ರೊಮ್ಯಾಟಿಕ್ ಎಂಬ ಬಗೆಯದು ಕೆಂಪಿಗೆ ಕುರುಡಾಗಿತ್ತು. ಅದರಲ್ಲಿ ಕೆಂಪು ಕಪ್ಪಾಗಿಯೂ ಹಳದಿ ಗಾಢವಾಗಿಯೂ ನೀಲಿ ತಿಳಿಯಾಗಿಯೂ ಮೂಡುತ್ತದೆ. ರೌಂಡೆಲಿನ ಹೊರಗಿನ ಹಳದಿ ವರ್ತುಲವು ಕ್ಯಾಮೊಫ್ಲಾಜಿನಲ್ಲಿ ಬೆರೆತು ಇಲ್ಲವೇ ಇಲ್ಲವೆಂಬಂತೆ ಕಾಣುತ್ತದೆ. ಇಂಥ ಚಿತ್ರವನ್ನು ನಂಬಿ ಹಳದಿಯನ್ನು ಬಿಟ್ಟ ಮಾದರಿಗಳು, ಇಲ್ಲದ ಕಪ್ಪನ್ನು ಕಂಡುಹಿಡಿದ ಲೇಖನಗಳು ಹಿಂದೆ ಕಡಿಮೆಯೇನಿರಲಿಲ್ಲ. ವಸ್ತುಸಂಗ್ರಹಾಲಯದ ವಿಮಾನವೂ ಪೂರ್ಣ ಸಾಕ್ಷಿಯಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಯುದ್ಧಾನಂತರ ಮತ್ತೆ ಬಣ್ಣ ಬಳಿಯಲಾಗಿದೆ. ಬ್ರಿಟನ್ನಿನಲ್ಲಿ 1963ರಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹರಡಿದ ಅಂತರರಾಷ್ಟ್ರೀಯ ಪ್ಲಾಸ್ಟಿಕ್ ಮಾದರಿಕಾರರ ಸಂಘದ ಸದಸ್ಯರು ಸರ್ಕಾರಿ ಸುತ್ತೋಲೆಗಳನ್ನೂ ಬಣ್ಣದ ಮೂಲ ತುಣುಕುಗಳನ್ನೂ ಅವಶೇಷಗಳ ಪದರಗಳನ್ನೂ ಹೋಲಿಸಿ ಕಟ್ಟಿದ ಜ್ಞಾನವನ್ನು ವೃತ್ತಿಪರ ಇತಿಹಾಸಕಾರರು ಸಹ ಬಳಸಿಕೊಂಡಿದ್ದಾರೆ. ಹವ್ಯಾಸಿಗಳ ಈ ದುಡಿಮೆಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ಣವಾಗಿ ಸಂದಿಲ್ಲ.

ಗುರುತುಗಳನ್ನು ಕುಂಚದಿಂದ ಬರೆಯುವುದು ಅಪರೂಪ. ತೆಳುವಾದ ಪೊರೆಯ ಮೇಲೆ ಮುದ್ರಿಸಿ ಕಾಗದಕ್ಕೆ ಅಂಟಿಸಿದ ‘ಡೆಕಲ್’ಗಳನ್ನು ನೀರಿನಲ್ಲಿ ನೆನೆಸಿ, ಜಾರಿಸಿ ಮಾದರಿಯ ಮೇಲೆ ಕೂರಿಸಲಾಗುತ್ತದೆ. ಯುದ್ಧವಿಮಾನದ ಬಣ್ಣವು ಹೊಳಪಿಲ್ಲದ್ದು, ಅಂದರೆ ಸೂಕ್ಷ್ಮವಾಗಿ ಒರಟಾದದ್ದು. ಅಂಥ ಮೈಯಲ್ಲಿ ಪೊರೆಯ ಅಡಿಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುವುದರಿಂದ, ಮೊದಲು ಹೊಳಪಿನ ವಾರ್ನಿಷ್ ಹಚ್ಚಿ, ಡೆಕಲ್ ಕೂರಿಸಿ, ಕೊನೆಗೆ ಹೊಳಪಿಲ್ಲದ ವಾರ್ನಿಷ್ ಬಳಿಯುವುದು ರೂಢಿ. ಇದಾದ ಮೇಲೆ ಎಂಜಿನ್ನಿನ ಹೊಗೆಯ ಕಲೆ, ಬಂದೂಕಿನ ಮಸಿ, ಮೆಕ್ಯಾನಿಕ್‌ಗಳ ಬೂಟಿನಿಂದ ಸವೆದ ರೆಕ್ಕೆಬುಡ ಇವನ್ನೆಲ್ಲ ತೋರಿಸುವ ಹಂತ ಬರುತ್ತದೆ. ಇಲ್ಲಿ ಮಿತಿ ಬೇಕು. 1940ರಲ್ಲಿ ಅನೇಕ ಫೈಟರ್ ವಿಮಾನಗಳು ಕೆಲವೇ ವಾರ ಬಾಳಿದವು. ಬಣ್ಣ ಚಕ್ಕೆ ಚಕ್ಕೆಯಾಗಿ ಏಳುವಷ್ಟು ಆಯುಷ್ಯ ಅವಕ್ಕೆ ಇರಲಿಲ್ಲ.

ಜಪಾನಿನ ಪಾತ್ರವನ್ನು ಹೇಳದೆ ಈ ಚರಿತ್ರೆ ಪೂರ್ಣವಾಗದು. ಮರಗೆಲಸಕ್ಕೆ ಹಿಂದಿನಿಂದಲೂ ಹೆಸರಾಗಿದ್ದ ಶಿಜುವೊಕಾ ನಗರದಲ್ಲಿ 1941ರಲ್ಲಿ ಹಾಸೆಗಾವಾ, 1946ರಲ್ಲಿ ಮರದ ವ್ಯಾಪಾರವಾಗಿ ತಾಮಿಯಾ ಸಂಸ್ಥೆಗಳು ಹುಟ್ಟಿದವು. ಮರದ ಮಾದರಿಗಳಿಂದ ಆರಂಭಿಸಿದ ತಾಮಿಯಾ 1960ರಲ್ಲಿ ‘ಯಮಾಟೊ’ ಯುದ್ಧನೌಕೆಯೊಂದಿಗೆ ಪ್ಲಾಸ್ಟಿಕ್ಕಿಗೆ ಕಾಲಿಟ್ಟು, ಮುಂದಿನ ದಶಕಗಳಲ್ಲಿ ಬಿಡಿಭಾಗಗಳ ಹೊಂದಾಣಿಕೆಗೆ ಜಗತ್ತಿನ ಮಾನದಂಡವಾಯಿತು. ಸೋಲಿನ ನಂತರ 1952ರವರೆಗೆ ವಿಮಾನ ತಯಾರಿಕೆಯೇ ನಿಷೇಧವಾಗಿದ್ದ ದೇಶದಲ್ಲಿ ‘ಜೀರೊ’ದಂಥ ವಿಮಾನದ ನೆನಪನ್ನು ಮುಂದಿನ ಪೀಳಿಗೆಗೆ ದಾಟಿಸುವ ಕೆಲಸದ ಬಹುಭಾಗವನ್ನು ಈ ಚಿಕ್ಕ ಮಾದರಿಗಳೇ ಮಾಡಿದವು.

ಜಪಾನಿನ ಕೆಂಪು ಸೂರ್ಯನಿಂದಾಗಿಯೇ ಭಾರತದ ಆಕಾಶದಲ್ಲಿ ಹಾರಿದ ವಿಮಾನಗಳ ಗುರುತು ಸಹ ಬದಲಾಯಿತು. ಬರ್ಮಾ ರಣರಂಗದಲ್ಲಿ ರೌಂಡೆಲಿನ ನಡುವಿನ ಕೆಂಪು ಚುಕ್ಕೆಯನ್ನು ಅವಸರದಲ್ಲಿ ಜಪಾನಿ ಚಿಹ್ನೆಯೆಂದು ತಿಳಿಯುವ ಅಪಾಯವಿದ್ದುದರಿಂದ ಅಲ್ಲಿ ಕೆಂಪನ್ನು ಕೈಬಿಟ್ಟು, ಗಾಢ ನೀಲಿಯೊಳಗೆ ತಿಳಿನೀಲಿ ಅಥವಾ ಬಿಳಿಯ ವೃತ್ತವನ್ನು ಬರೆಯಲಾಯಿತು; ಯುದ್ಧದ ಕೊನೆಯ ವರ್ಷದಲ್ಲಿ ರೆಕ್ಕೆ ಮತ್ತು ಬಾಲಗಳಿಗೆ ಬಿಳಿಪಟ್ಟೆಗಳೂ ಬಂದವು. ಭಾರತೀಯ ವಾಯುಪಡೆಯ ಹರಿಕೇನ್‌ಗಳೂ, 1944ರಿಂದ ಅದರ 8ನೆಯ ಸ್ಕ್ವಾಡ್ರನ್ ಹಾರಿಸಿದ ಸ್ಪಿಟ್‌ಫೈರ್‌ಗಳೂ ಈ ನೀಲಿ ರೌಂಡೆಲನ್ನೇ ಧರಿಸಿದ್ದವು. ಬೀದರ್, ಕಲಬುರಗಿ, ರಾಯಚೂರುಗಳನ್ನು ಒಳಗೊಂಡಿದ್ದ ಅಂದಿನ ಹೈದರಾಬಾದ್ ಸಂಸ್ಥಾನದ ಹೆಸರು ಹೊತ್ತು, ನಿಜಾಮರ ಶಿರೋಭೂಷಣವನ್ನು ಲಾಂಛನವಾಗಿಸಿಕೊಂಡ 152ನೆಯ ಸ್ಕ್ವಾಡ್ರನ್ ಬರ್ಮಾದಲ್ಲಿ ತನ್ನ ಸ್ಪಿಟ್‌ಫೈರ್‌ಗಳ ರೌಂಡೆಲಿನ ಮೇಲೆ ಜಿಗಿಯುವ ಕರಿಚಿರತೆಯನ್ನು ಬರೆಸಿತ್ತು. ಮಾದರಿಕಾರರಿಗೆ ಅದು ಇಂದಿಗೂ ಅಚ್ಚುಮೆಚ್ಚಿನ ವಿಷಯ. ಬೆಂಗಳೂರಿನ ಪಾಲು ಇನ್ನೂ ಬೇರೆಯದು. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರದ ಬಂಡವಾಳದಿಂದ 1940ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 1941ರಲ್ಲಿ ಹಾರ್ಲೊ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಫೈಟರ್ ಜೋಡಣೆಯಾಗಿ ಹಾರಿದವು. ಬಳಿಕ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಯುದ್ಧ ಮುಗಿಯುವವರೆಗೂ ದುಡಿಯಿತು. ಹಾಕ್ ವಿಮಾನದ ಪ್ಲಾಸ್ಟಿಕ್ ಮಾದರಿಗಳು ಹಲವು ಸಂಸ್ಥೆಗಳಿಂದ ಬಂದಿದ್ದರೂ ಅವುಗಳ ಡೆಕಲ್‌ಗಳು ಸಾಮಾನ್ಯವಾಗಿ ಫ್ರಾನ್ಸ್, ಫಿನ್ಲೆಂಡ್ ಅಥವಾ ಅಮೆರಿಕದವು. ಬೆಂಗಳೂರಿನಲ್ಲಿ ಜೋಡಿಸಿದ ಹಾಕ್ ಮಾಡಬಯಸುವವರು ಕಾರ್ಖಾನೆಯ ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಗುರುತುಗಳನ್ನು ಬೇರೆ ಬೇರೆ ಹಾಳೆಗಳಿಂದ ಒಂದೊಂದಾಗಿ ಕೂಡಿಸಿಕೊಳ್ಳಬೇಕಾಗುತ್ತದೆ.